ಮನೆ ಬಿಟ್ಟು ಬರಲಾಗದವರನ್ನೂ ಅಧ್ಯಯನಕ್ಕೆ ಸೇರಿಸಿಕೊಳ್ಳಿ: ಸಂಶೋಧಕರಿಗೆ, ನೈತಿಕ ಸಮಿತಿಗಳಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಆಸ್ಪತ್ರೆಗಳಲ್ಲಿ, ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳಲ್ಲಿ ಆರೋಗ್ಯ ಸಂಶೋಧನೆ ಮಾಡುತ್ತಿರುವ ಎಲ್ಲರಿಗೆ, ಆ ಸಂಶೋಧನೆಗಳಿಗೆ ಅನುಮತಿ ಕೊಡುವ ನೈತಿಕ ಸಮಿತಿಗಳ ಸದಸ್ಯರಿಗೆ,

ನಮಸ್ಕಾರ.

ನಾನು ಡಾಕ್ಟರಲ್ಲ, ಸಂಶೋಧಕಿಯೂ ಅಲ್ಲ. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಅತ್ತೆಯನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವ ಸೊಸೆ. ನಮ್ಮದು ತುಮಕೂರು ಜಿಲ್ಲೆ. ಅತ್ತೆಯನ್ನು ತೋರಿಸಲು ಆಸ್ಪತ್ರೆಗೆ ಹೋದಾಗ "ನೋಡಿಕೊಳ್ಳೋರ ಮೇಲೆ ಒಂದು ಸ್ಟಡಿ ಮಾಡ್ತಿದ್ದೀವಿ, ಭಾಗವಹಿಸ್ತೀರಾ?" ಎಂದು ಕೇಳಿದವರಿದ್ದಾರೆ. ಕೆಲವಕ್ಕೆ ಸೇರಿದ್ದೇನೆ. ಕೆಲವಕ್ಕೆ ಮನಸ್ಸಿದ್ದರೂ ಸೇರಲು ಆಗಲಿಲ್ಲ. ನನ್ನ ಹಾಗೆ ಮನೆಯಲ್ಲಿ ಕಾಯಿಲೆಯವರನ್ನು ಇಟ್ಟುಕೊಂಡಿರುವ ಬೇರೆ ಹೆಂಗಸರು, ಕೆಲವು ಗಂಡಸರು ನನಗೆ ಪರಿಚಯ. ಅವರದ್ದೂ ಇದೇ ಮಾತು.

ಕೇಳಬೇಕಾದದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನೋಡಿಕೊಳ್ಳುವವರನ್ನು ನಿಮ್ಮ ಅಧ್ಯಯನಕ್ಕೆ ಕರೆಯುವ ಮೊದಲು, ಆ ಹೊತ್ತಿನಲ್ಲಿ ನಮ್ಮ ಬದಲು ರೋಗಿಯ ಹತ್ತಿರ ಯಾರಿರುತ್ತಾರೆ ಅನ್ನುವುದನ್ನು ನಿಮ್ಮ ಯೋಜನೆಯಲ್ಲಿ ಬರೆಯಿರಿ. ಅದರ ಖರ್ಚನ್ನು ನಿಮ್ಮ ಬಜೆಟ್‌ನಲ್ಲಿ ಹಾಕಿ. ಇದನ್ನು ಮಾಡದಿದ್ದರೆ ನಿಮಗೆ ಸಿಗುವವರು ಮನೆ ಬಿಟ್ಟು ಬರಲು ಆಗುವವರು ಮಾತ್ರ. ಅತಿ ಕಷ್ಟದಲ್ಲಿ ಇರುವವರು ನಿಮ್ಮ ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ಆ ಲೆಕ್ಕದ ಮೇಲೆಯೇ ಸರ್ಕಾರದ ಯೋಜನೆಗಳು ಬರುತ್ತವೆ.

ಸಂಶೋಧನೆ ಬೇಡ ಎಂದು ನಾನು ಹೇಳುತ್ತಿಲ್ಲ. ಜಾಸ್ತಿ ಬೇಕು ಎಂದೇ ಬರೆಯುತ್ತಿದ್ದೇನೆ. 2023ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಜನರಿಗೆ ಡಿಮೆನ್ಶಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ಅವರಲ್ಲಿ ಹೆಚ್ಚಿನವರು ಇರುವುದು ಮನೆಯಲ್ಲಿ. ಅಷ್ಟೂ ಮನೆಗಳಲ್ಲಿ ಒಬ್ಬರು ರಾತ್ರಿ ಎದ್ದು ಬಾಗಿಲು ಹಾಕಿದೆಯಾ ಎಂದು ನೋಡುತ್ತಿರುತ್ತಾರೆ. ಆ ಅಧ್ಯಯನದಲ್ಲಿ ಹಿರಿಯರನ್ನು ಪರೀಕ್ಷೆ ಮಾಡಿದ್ದರ ಜೊತೆಗೆ, ಅವರನ್ನು ಹತ್ತಿರದಿಂದ ಬಲ್ಲ ಒಬ್ಬರನ್ನೂ ಮಾತಾಡಿಸಿದ್ದರು. ಡಿಮೆನ್ಶಿಯಾದಲ್ಲಿ ಹಾಗೆ ಮಾಡಲೇಬೇಕು. ಅತ್ತೆಯನ್ನು ಕೇಳಿದರೆ ಬೆಳಿಗ್ಗೆ ತಿಂಡಿ ತಿಂದೆ ಅನ್ನುತ್ತಾರೆ. ತಿಂದಿದ್ದಾರೋ ಇಲ್ಲವೋ ಗೊತ್ತಿರುವುದು ನನಗೆ. ನಮ್ಮ ಮಾತಿಲ್ಲದೆ ನಿಮ್ಮ ಅರ್ಧ ಫಾರಂ ತುಂಬುವುದೇ ಇಲ್ಲ. ಹಾಗಾಗಿ ನಮ್ಮನ್ನು ಹೇಗೆ ಕರೆಯುತ್ತೀರಿ, ಎಲ್ಲಿ ಕೂರಿಸಿ ಕೇಳುತ್ತೀರಿ ಅನ್ನುವುದು ಸಣ್ಣ ವಿಷಯವಲ್ಲ.

ಈಗ ಕರೆಯುವುದು ಎಲ್ಲಿ? ಹೆಚ್ಚಾಗಿ ಓಪಿಡಿ ಮುಂದಿನ ಕಾರಿಡಾರಿನಲ್ಲಿ. ಟೋಕನ್ ತಗೊಂಡು ಕೂತಿರುತ್ತೇವೆ. ಒಂದು ಕೈಯಲ್ಲಿ ಫೈಲು, ಇನ್ನೊಂದು ಕೈಯಲ್ಲಿ ಅತ್ತೆಯ ಕೈ. ಅವರು ಮನೆಗೆ ಹೋಗೋಣ ಎಂದು ಎದ್ದೆದ್ದು ನಿಲ್ಲುತ್ತಿರುತ್ತಾರೆ. ಯಾವ ಗಳಿಗೆಯಲ್ಲಿ ನಮ್ಮ ನಂಬರ್ ಕೂಗುತ್ತಾರೋ ಗೊತ್ತಿಲ್ಲ. ಆಗ ಒಬ್ಬ ಹುಡುಗಿ ಬಂದು ಪ್ರೀತಿಯಿಂದಲೇ "ಆಂಟಿ, ಒಂದು ಅರ್ಧ ಗಂಟೆ ಅಷ್ಟೇ" ಅನ್ನುತ್ತಾಳೆ. ಹಲವು ಪುಟಗಳ ಒಪ್ಪಿಗೆ ಪತ್ರ ಕೈಗೆ ಕೊಡುತ್ತಾಳೆ. ಓದುವುದೆಲ್ಲಿ? ಒಂದು ಸಲ ಒಂದು ಆಸ್ಪತ್ರೆಯಲ್ಲಿ ನಾನು ಹೆಸರು ಬರೆದು ಸಹಿ ಹಾಕುವಷ್ಟರಲ್ಲಿ ಅತ್ತೆ ಎದ್ದು ಮೆಟ್ಟಿಲ ಹತ್ತಿರ ಹೋಗಿದ್ದರು. ಆ ಹುಡುಗಿಯ ತಪ್ಪು ಅನ್ನಲಾರೆ. ಅವಳಿಗೆ ಇಷ್ಟು ಜನರನ್ನು ಸೇರಿಸು ಎಂದು ಮೇಲಿನವರು ಹೇಳಿರುತ್ತಾರೆ, ಥೀಸಿಸ್ ಕೊಡುವ ದಿನ ಹತ್ತಿರ ಬಂದಿರುತ್ತದೆ. ಆದರೆ ಓಡುತ್ತಿರುವ ರೋಗಿಯ ಹಿಂದೆ ಓಡುತ್ತಾ ಹಾಕಿದ ಸಹಿಯನ್ನು ತಿಳಿದು ಕೊಟ್ಟ ಒಪ್ಪಿಗೆ ಎಂದು ಯಾವ ಸಮಿತಿಯೂ ಒಪ್ಪಬಾರದು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಓಪಿಡಿಗೆ ಬರುವವರೇ ಮನೆಯಲ್ಲಿ ನೋಡಿಕೊಳ್ಳುವವರು ಎಂದು ನೀವು ಅಂದುಕೊಂಡಿದ್ದೀರಿ. ಎಷ್ಟೋ ಮನೆಗಳಲ್ಲಿ ಹಾಗಿಲ್ಲ. ಕಾರು ಓಡಿಸುವ ಮಗ ಆಫೀಸಿಗೆ ರಜೆ ಹಾಕಿ ಅಪ್ಪನನ್ನು ಕರೆತರುತ್ತಾನೆ. ಬಿಪಿ ಮಾತ್ರೆಯ ಹೆಸರು ಅವನಿಗೆ ಗೊತ್ತು, ದುಡ್ಡು ಕಟ್ಟುವುದೂ ಅವನೇ. ಅವನ ಕಾಳಜಿ ಸುಳ್ಳಲ್ಲ. ಆದರೆ ಬಟ್ಟೆ ಬದಲಿಸುವುದು, ಡಯಾಪರ್ ಕಟ್ಟುವುದು, ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚುವುದು ಅವನ ಹೆಂಡತಿ, ಇಲ್ಲವೇ ತಾಯಿ. ಅವರು ಆವತ್ತು ಮನೆಯಲ್ಲಿರುತ್ತಾರೆ. ಮಕ್ಕಳು ಶಾಲೆಯಿಂದ ಬರುತ್ತವೆ, ಹಸು ಇದ್ದರೆ ಹಾಲು ಕರೆಯಬೇಕು. ನಿಮ್ಮ ಫಾರಂನಲ್ಲಿ 'ಮುಖ್ಯ ಆರೈಕೆದಾರರು' ಅನ್ನುವ ಕಡೆ ಮಗನ ಹೆಸರು ಬೀಳುತ್ತದೆ. ರಾತ್ರಿ ಎಷ್ಟು ಸಲ ಏಳುತ್ತೀರಿ ಅನ್ನುವ ಪ್ರಶ್ನೆಗೆ ಅವನು ಅಂದಾಜಿನಲ್ಲಿ ಉತ್ತರ ಕೊಡುತ್ತಾನೆ.

ಇನ್ನು ಕೆಲವು ಮನೆಗಳಲ್ಲಿ ಒಬ್ಬರು ಎಂದು ಹೇಳುವುದೇ ಕಷ್ಟ. ಅಣ್ಣನ ಮನೆಯಲ್ಲಿ ಎರಡು ತಿಂಗಳು, ತಮ್ಮನ ಮನೆಯಲ್ಲಿ ಎರಡು ತಿಂಗಳು ಎಂದು ತಾಯಿಯನ್ನು ಸರದಿ ಹಾಕಿಕೊಂಡಿರುತ್ತಾರೆ. ಮೊದಲ ಸಲ ನೀವು ಕೇಳಿದ್ದು ಅಣ್ಣನ ಹೆಂಡತಿಯನ್ನು. ಆರು ತಿಂಗಳು ಬಿಟ್ಟು ಫೋನ್ ಮಾಡಿದಾಗ ಅಜ್ಜಿ ತಮ್ಮನ ಮನೆಯಲ್ಲಿ. ಅಣ್ಣನ ಹೆಂಡತಿಯ ಮನಸ್ಸು ಆಗ ಸ್ವಲ್ಪ ಹಗುರವಾಗಿರುತ್ತದೆ. ಅದು ನಿಮ್ಮ ಔಷಧಿಯಿಂದಲೋ, ನೀವು ಕೊಟ್ಟ ತರಬೇತಿಯಿಂದಲೋ ಆದದ್ದಲ್ಲ. ಮಗಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೂತು ಕ್ಯಾಮೆರಾದಲ್ಲಿ ತಾಯಿಯನ್ನು ನೋಡುತ್ತಾ, ಹೋಂ ನರ್ಸ್ ಏಜೆನ್ಸಿಗೆ ದುಡ್ಡು ಹಾಕುತ್ತಾ, ಔಷಧಿ ತರಿಸುತ್ತಾ ಇರುತ್ತಾಳೆ. ಅವಳು ನೋಡಿಕೊಳ್ಳುವವಳು ಹೌದೋ ಅಲ್ಲವೋ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಆರೈಕೆದಾರ ಎಂದರೆ ರೋಗಿಯ ಜೊತೆ ವಾಸಿಸುವವರು ಎನ್ನುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮಾತು ಅದಕ್ಕಿಂತ ಅಗಲವಾಗಿದೆ. ತಂದೆತಾಯಿ, ಮನೆಯ ಇತರರು, ದುಡ್ಡು ತಗೊಂಡೋ ತಗೊಳ್ಳದೆಯೋ ಆರೈಕೆ ಮಾಡುವ ಯಾರೇ ಆದರೂ ಅದರಲ್ಲಿ ಸೇರುತ್ತಾರೆ. ಜೊತೆಗೇ ಇರಬೇಕು ಎಂಬ ಷರತ್ತಿಲ್ಲ. ನಿಮ್ಮ ಅಧ್ಯಯನಕ್ಕೆ ಯಾರು ಬೇಕು ಎಂದು ಬರೆಯುವಾಗ ಈ ಎರಡನೆಯದನ್ನು ಎದುರಿಗೆ ಇಟ್ಟುಕೊಳ್ಳಿ. ಒಂದೇ ಮನೆಯ ಇಬ್ಬರನ್ನು ಸೇರಿಸಿಕೊಳ್ಳಲು ಜಾಗ ಬಿಡಿ. ಮಗನನ್ನೂ ಕೇಳಿ, ಸೊಸೆಯನ್ನೂ ಬೇರೆಯಾಗಿ ಕೇಳಿ.

ಬೇರೆಯಾಗಿ ಎಂದು ಒತ್ತಿ ಹೇಳುತ್ತಿದ್ದೇನೆ. ನೋಡಿಕೊಳ್ಳುವವರ ಕಷ್ಟ ಅಳೆಯಲು ನೀವು ಸಾಮಾನ್ಯವಾಗಿ ಬಳಸುವ ಜಾರಿಟ್ ಪ್ರಶ್ನಾವಳಿಯಲ್ಲಿ 22 ಪ್ರಶ್ನೆಗಳಿವೆ. ಪ್ರತಿಯೊಂದಕ್ಕೂ ಸೊನ್ನೆಯಿಂದ 4ರವರೆಗೆ ಅಂಕ. ರೋಗಿಯ ಮೇಲೆ ಸಿಟ್ಟು ಬರುತ್ತದೆಯಾ, ಅವರ ನಡವಳಿಕೆಯಿಂದ ನಾಚಿಕೆ ಆಗುತ್ತದೆಯಾ, ಇವರನ್ನು ಬೇರೆ ಯಾರಾದರೂ ನೋಡಿಕೊಂಡರೆ ಸಾಕು ಅನ್ನಿಸುತ್ತದೆಯಾ ಎಂಬಂಥ ಪ್ರಶ್ನೆಗಳು ಅದರಲ್ಲಿ ಇವೆ. ಒಳ್ಳೆಯ ಪ್ರಶ್ನೆಗಳೇ. ಆದರೆ ಪಕ್ಕದಲ್ಲಿ ಗಂಡ ಕೂತಿರುವಾಗ, ಎದುರಿಗೆ ಅತ್ತೆ ಕೂತಿರುವಾಗ ಯಾವ ಸೊಸೆ ಹೌದು ಅನ್ನುತ್ತಾಳೆ? "ಹಾಗೇನಿಲ್ಲ ಮೇಡಂ, ನಮ್ಮ ಕರ್ತವ್ಯ ಅಲ್ವಾ" ಎಂದು ಎಲ್ಲದಕ್ಕೂ ಸೊನ್ನೆ ಹಾಕಿಸುತ್ತಾಳೆ. ನೀವು ಅದನ್ನು ಕೂಡಿ ಹಾಕಿ, ಹಳ್ಳಿ ಕಡೆಯ ಮನೆಗಳಲ್ಲಿ ಒತ್ತಡ ಕಡಿಮೆ ಎಂದು ಬರೆಯಬಹುದು. ಅದು ನಮಗೆ ಮಾಡುವ ದೊಡ್ಡ ಅನ್ಯಾಯ. ಕೇಳುವವರು ಇಬ್ಬರು ಬಂದರೆ, ಒಬ್ಬರು ಅತ್ತೆಯ ಹತ್ತಿರ ಕೂತು ಮಾತಾಡಿಸುತ್ತಿರಬಹುದು, ಇನ್ನೊಬ್ಬರು ಅಡುಗೆಮನೆಯಲ್ಲೋ ಹಿತ್ತಲಲ್ಲೋ ನಮ್ಮನ್ನು ಕೇಳಬಹುದು. ಇಷ್ಟು ಮಾಡಿದರೆ ನಿಜ ಹೊರಗೆ ಬರುತ್ತದೆ.

ಈಗ ದುಡ್ಡಿನ ಮಾತು. ನಮ್ಮವರು ಹೇಳಿಕೊಳ್ಳಲು ಸಂಕೋಚ ಪಡುವ ವಿಷಯ ಇದು. ನಿಮ್ಮಲ್ಲೂ ಕೆಲವರು ಇದನ್ನು ದಾಟಿಸಿಬಿಡುತ್ತೀರಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯಲ್ಲಿ ಇದು ಸ್ಪಷ್ಟವಾಗಿಯೇ ಇದೆ. ಅಧ್ಯಯನದಲ್ಲಿ ಭಾಗವಹಿಸುವವರಿಗೆ ಪ್ರಯಾಣದ ಖರ್ಚು, ಕಳೆದುಕೊಂಡ ಕೂಲಿ ಕೊಡಬಹುದು. ಅವರ ಸಮಯಕ್ಕೆ, ಪಟ್ಟ ತೊಂದರೆಗೆ ಇಷ್ಟು ಎಂದು ಕೊಡಬಹುದು. ಆಸೆ ಹುಟ್ಟಿಸುವಷ್ಟು ದೊಡ್ಡ ಮೊತ್ತ ಆಗದಂತೆ ನೈತಿಕ ಸಮಿತಿ ನೋಡಿಕೊಳ್ಳಬೇಕು, ಅಷ್ಟೇ. ಆದರೆ ನಾನು ನೋಡಿದ ಒಪ್ಪಿಗೆ ಪತ್ರಗಳಲ್ಲಿ ಇರುವುದು ಬಸ್ ಚಾರ್ಜ್ ಮಾತ್ರ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ ಮೇಲೆ "ಹೆಂಗಸರಿಗೆ ಬಸ್ ಫ್ರೀ ಇದೆಯಲ್ಲ" ಎಂದು ಅದನ್ನೂ ಕೈಬಿಟ್ಟವರಿದ್ದಾರೆ.

ನಮ್ಮ ಖರ್ಚು ಬಸ್ಸಿನದ್ದಲ್ಲ. ನಾನು ಹೊರಗೆ ಕಾಲಿಡಬೇಕಾದರೆ ಮನೆಯಲ್ಲಿ ಒಬ್ಬರು ಇರಬೇಕು. ಏಜೆನ್ಸಿಯವರು ದಿನದ ಲೆಕ್ಕದಲ್ಲೋ ತಿಂಗಳ ಲೆಕ್ಕದಲ್ಲೋ ಜನ ಕಳಿಸುತ್ತಾರೆ. ಎರಡು ಗಂಟೆಗೆ ಎಂದು ಯಾರೂ ಬರುವುದಿಲ್ಲ. ಪಕ್ಕದ ಮನೆಯವರನ್ನು ಎಷ್ಟು ಸಲ ಕೇಳುವುದು? ಅವರನ್ನು ನಾವು ಉಳಿಸಿಕೊಳ್ಳುವುದು ನಿಜವಾಗಿ ಕಷ್ಟ ಬಂದ ರಾತ್ರಿಗೆ. ಗಂಡ ರಜೆ ಹಾಕಿದರೆ ಒಂದು ದಿನದ ಸಂಬಳ ಹೋಗುತ್ತದೆ. ಗಾರ್ಮೆಂಟ್ಸ್‌ಗೆ ಹೋಗುವ ಮಗಳು ಮನೆಯಲ್ಲಿ ಉಳಿದರೆ ಅವಳ ಹಾಜರಿ ಬೋನಸ್ಸೂ ಹೋಗಬಹುದು. ಯಾರೂ ಇಲ್ಲದ ಮನೆಯಲ್ಲಿ ಎಂಟನೇ ಕ್ಲಾಸಿನ ಹುಡುಗಿ ಶಾಲೆ ಬಿಟ್ಟು ಅಜ್ಜಿಯ ಹತ್ತಿರ ಕೂರುತ್ತಾಳೆ. ನಿಮ್ಮ ಅಧ್ಯಯನದಿಂದ ಒಂದು ಮಗುವಿನ ಒಂದು ದಿನದ ಶಾಲೆ ತಪ್ಪಿತು ಅನ್ನುವುದು ನಿಮ್ಮ ಯಾವ ಕಾಗದದಲ್ಲೂ ಬರುವುದಿಲ್ಲ. ಆ ಹುಡುಗಿ ಬೇರೆ ದಿನಗಳಲ್ಲೂ ಅಜ್ಜಿಗೆ ಊಟ ಮಾಡಿಸುತ್ತಾಳೆ. ಆದರೆ 18 ತುಂಬಿಲ್ಲ ಎಂದು ಅವಳನ್ನು ನೀವು ಕೇಳುವುದೂ ಇಲ್ಲ. ಮಕ್ಕಳನ್ನು ಸೇರಿಸಿಕೊಳ್ಳಲು ಮಾರ್ಗಸೂಚಿಯಲ್ಲಿ ದಾರಿ ಇದೆ. ಹೆತ್ತವರ ಒಪ್ಪಿಗೆ ಬೇಕು, ಏಳು ದಾಟಿದ ಮಗುವಿನದ್ದೂ ಸಮ್ಮತಿ ಬೇಕು. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಮಕ್ಕಳ ಬಗ್ಗೆ ಯಾರಾದರೂ ಮನಸ್ಸಿಟ್ಟು ಅಧ್ಯಯನ ಮಾಡಲಿ ಎಂದು ನನಗೆ ಬಹಳ ಆಸೆ.

ನಮ್ಮ ಹೊತ್ತಿಗೂ ಒಂದು ಬೆಲೆ ಇದೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೇ ಕೊಡುತ್ತಾರೆ, ಗಂಡಸರು 97 ನಿಮಿಷ. ಮಕ್ಕಳು, ಮುದುಕರು, ಕಾಯಿಲೆಯವರು ಹೀಗೆ ಮನೆಯವರ ಆರೈಕೆ ಮಾಡುವ ಹೆಂಗಸರು ಅದಕ್ಕೆ 134 ನಿಮಿಷ ಕೊಟ್ಟರೆ, ಗಂಡಸರು 76. ಡಿಮೆನ್ಶಿಯಾ ಇರುವ ಮನೆಯಲ್ಲಿ ಇದು ಎಷ್ಟಾಗುತ್ತದೆ ಎಂದು ನಿಮಗೇ ಗೊತ್ತು. ಉಳಿದ ಸ್ವಲ್ಪ ಹೊತ್ತಿನಿಂದ ನೀವು ಒಂದು ಗಂಟೆ ಕೇಳುತ್ತೀರಿ. ಕೇಳಿ, ತಪ್ಪಿಲ್ಲ. ಆದರೆ ಬೆಳಿಗ್ಗೆ ಕೇಳಬೇಡಿ. ಸ್ನಾನ, ತಿಂಡಿ, ಮಾತ್ರೆ ಎಲ್ಲ ಆಗಿ ಅವರು ಒಂದು ಗಳಿಗೆ ಮಲಗುವುದು ಮಧ್ಯಾಹ್ನ ಊಟದ ಮೇಲೆ. ಸಂಜೆಯಾದರೆ ಕೆಲವರಿಗೆ ಚಡಪಡಿಕೆ ಶುರುವಾಗುತ್ತದೆ, ಆಗ ಫೋನ್ ಎತ್ತಲೂ ಆಗುವುದಿಲ್ಲ.

ಇದೆಲ್ಲ ಆಗದ ಮಾತು ಎಂದು ಹೇಳಬೇಡಿ. ನಮ್ಮ ಪಕ್ಕದ ಗೋವಾದಲ್ಲೇ ಆಗಿದೆ. ಡಿಮೆನ್ಶಿಯಾ ಇರುವವರಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ ಶೇ. 66ರಷ್ಟು ಜನ ಬಡ, ಹಿಂದುಳಿದ ದೇಶಗಳಲ್ಲಿದ್ದಾರೆ, ಆದರೆ ಜನಸಮುದಾಯದ ಮಟ್ಟದ ಸಂಶೋಧನೆಯಲ್ಲಿ ಶೇ. 10ರಷ್ಟೂ ಅಲ್ಲಿ ನಡೆದಿಲ್ಲ ಎಂದು ತೋರಿಸಲು '10/66' ಎಂದು ಹೆಸರಿಟ್ಟುಕೊಂಡ ಸಂಶೋಧಕರ ಗುಂಪೊಂದಿದೆ. ಗೋವಾದ ಎರಡು ತಾಲ್ಲೂಕುಗಳಲ್ಲಿ ನಡೆದ ಪ್ರಯೋಗಕ್ಕೆ ಆ ಗುಂಪಿನ ಕೆಲಸದ ಹಿನ್ನೆಲೆ ಇತ್ತು. ಅದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಸೇರಿದ್ದು 81 ಕುಟುಂಬಗಳು. ಅವರು ಮನೆಯವರನ್ನು ಆಸ್ಪತ್ರೆಗೆ ಕರೆಸುತ್ತಾ ಕೂರಲಿಲ್ಲ. ಅದೇ ಊರಿನ ಕಡೆಯವರಿಗೆ ತರಬೇತಿ ಕೊಟ್ಟು ಮನೆಗೆ ಕಳಿಸಿದರು. ದೊಡ್ಡ ಡಿಗ್ರಿ ಓದಿದವರಲ್ಲ ಅವರು. ಹದಿನೈದು ದಿನಕ್ಕೊಮ್ಮೆಯಾದರೂ ಮನೆಗೆ ಹೋಗಿ, ಕಾಯಿಲೆ ಎಂದರೆ ಏನು, ಅಜ್ಜ ಸಿಟ್ಟು ಮಾಡಿದರೆ ಏನು ಮಾಡಬೇಕು, ಮನೆಯವರು ಕೆಲಸ ಹೇಗೆ ಹಂಚಿಕೊಳ್ಳಬಹುದು ಎಂದು ಹೇಳಿಕೊಟ್ಟರು. ಬೇಕಾದಾಗ ಮನೋವೈದ್ಯರು ನೋಡಿದರು. ಆರು ತಿಂಗಳ ನಂತರ ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಎದ್ದು ಕಾಣುವಷ್ಟು ಸುಧಾರಿಸಿತ್ತು.

ಆ ಅಧ್ಯಯನದಲ್ಲಿ ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ವಿಷಯ. ಯಾರಿಗೆ ಮನೆ ಭೇಟಿ, ಯಾರಿಗೆ ಸದ್ಯಕ್ಕೆ ಬರೀ ಮಾಹಿತಿ ಎಂದು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದ್ದರು. ಆದರೆ ಸಿಗದವರನ್ನು ಹಾಗೇ ಬಿಡಲಿಲ್ಲ. ಆರು ತಿಂಗಳು ಆದ ಮೇಲೆ ನಿಮಗೂ ಈ ಸಹಾಯ ಸಿಗುತ್ತದೆ ಎಂಬ ಏರ್ಪಾಡು ಮೊದಲೇ ಇತ್ತು. ನಮ್ಮ ಜನ ಅಧ್ಯಯನಕ್ಕೆ ಸೇರಲು ಹೆದರುವುದು ಇದಕ್ಕೇ. "ನಮ್ಮ ಮೇಲೆ ಪ್ರಯೋಗ ಮಾಡ್ತಾರಂತೆ", "ನಮಗೆ ಸುಮ್ನೆ ಮಾತ್ರೆ ಕೊಟ್ಟು ಬೇರೆಯವರಿಗೆ ಒಳ್ಳೇದು ಕೊಡ್ತಾರಂತೆ" ಎಂದು ಮಾತಾಡಿಕೊಳ್ಳುತ್ತಾರೆ. ಯಾರಿಗೆ ಏನು ಸಿಗುತ್ತದೆ, ಯಾವಾಗ ಸಿಗುತ್ತದೆ ಎಂದು ಮೊದಲೇ ಬಿಡಿಸಿ ಹೇಳಿದರೆ ಅರ್ಧ ಹೆದರಿಕೆ ಹೋಗುತ್ತದೆ.

ಅದೇ ಅಧ್ಯಯನ ನಡೆಯುತ್ತಿರುವಾಗ 18 ರೋಗಿಗಳು ತೀರಿಕೊಂಡರು. ಕೊನೆಯವರೆಗೆ ಉಳಿದದ್ದು 59 ಕುಟುಂಬಗಳು. ಹಿರಿಯರ ಕಾಯಿಲೆಯ ಸಂಶೋಧನೆಯಲ್ಲಿ ಸಾವು ಬಂದೇ ಬರುತ್ತದೆ. ಹಾಗಾದರೆ ಅದಕ್ಕೆ ನೀವು ಏನು ತಯಾರಿ ಮಾಡಿಕೊಂಡಿದ್ದೀರಿ? ನನಗೆ ಗೊತ್ತಿರುವ ಒಬ್ಬರು ಗಂಡನನ್ನು ಕಳೆದುಕೊಂಡು ತಿಥಿ ಕೂಡ ಆಗಿರಲಿಲ್ಲ. ಅಧ್ಯಯನದ ಕಡೆಯಿಂದ ಫೋನ್ ಬಂತು. "ಮೇಡಂ, ಸಾರ್ ಈಗ ಹೇಗಿದ್ದಾರೆ, ತಾವೇ ಊಟ ಮಾಡ್ತಾರಾ?" ಎಂದು ಮೊದಲ ಪ್ರಶ್ನೆ. ಹೇಳಿದ ಮೇಲೆ ಆ ಕಡೆಯವರು ಗಾಬರಿಯಾಗಿ ಫೋನ್ ಇಟ್ಟರು. ಮತ್ತೆ ಯಾರೂ ಮಾತಾಡಿಸಲಿಲ್ಲ. ಅಷ್ಟು ದಿನ ಅವರ ನಿದ್ದೆ, ಅವರ ಅಳು, ಅವರ ಸಿಟ್ಟು ಎಲ್ಲವನ್ನೂ ಬರೆದುಕೊಂಡವರು ರೋಗಿ ಹೋದ ಕೂಡಲೇ ಪಟ್ಟಿಯಿಂದ ಹೆಸರು ತೆಗೆದರು. ದಯವಿಟ್ಟು ಹೀಗೆ ಮಾಡಬೇಡಿ. ಪ್ರಶ್ನೆ ಕೇಳುವ ಮೊದಲು ಮನೆಯಲ್ಲಿ ಎಲ್ಲ ಹೇಗಿದ್ದೀರಿ ಎಂದು ಶುರು ಮಾಡಿ. ಸಾವಿನ ಸುದ್ದಿ ಬಂದರೆ ಗುಂಪಿನ ಹಿರಿಯರೊಬ್ಬರು ಫೋನ್ ಮಾಡಿ ಮಾತಾಡಲಿ. ಈವರೆಗೆ ಹೇಳಿದ್ದನ್ನು ಬಳಸಿಕೊಳ್ಳಬಹುದಾ ಎಂದು ಕೆಲವು ತಿಂಗಳು ಬಿಟ್ಟು ಕೇಳಿ. ಹೆಚ್ಚಿನವರು ಹೂಂ ಅನ್ನುತ್ತಾರೆ. ಕೊನೆಯ ದಿನಗಳು ಹೇಗಿದ್ದವು ಎಂದು ಹೇಳಲು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಜನರನ್ನು ಹುಡುಕಲು ಆಸ್ಪತ್ರೆಯ ಹೊರಗೆ ಬನ್ನಿ. ಕೇರಳದಲ್ಲಿ ಇದೇ 10/66 ಬಳಗದವರು ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರಿಗೆ ಸ್ವಲ್ಪ ತರಬೇತಿ ಕೊಟ್ಟು, ಯಾರ ಮನೆಯಲ್ಲಿ ಇಂಥ ಹಿರಿಯರಿದ್ದಾರೆ ಎಂದು ಕೇಳಿದ್ದರು. ಅವರು ತೋರಿಸಿದವರಲ್ಲಿ ಹೆಚ್ಚಿನವರಿಗೆ ಡಿಮೆನ್ಶಿಯಾ ಇರುವುದು ವೈದ್ಯರ ಪರೀಕ್ಷೆಯಲ್ಲಿ ಗೊತ್ತಾಯಿತು. ನಮ್ಮ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ ಬೀದಿಯ ಪ್ರತಿ ಮನೆ ಗೊತ್ತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ಕಿಗೆ ಬರುವವರಿದ್ದಾರೆ. ಮೆಡಿಕಲ್ ಸ್ಟೋರಿನವರಿಗೆ ದೊಡ್ಡವರ ಡಯಾಪರ್ ಯಾರು ತಗೊಳ್ಳುತ್ತಾರೆ ಎಂದು ಗೊತ್ತು, ಅವರ ಅಂಗಡಿಯಲ್ಲಿ ಒಂದು ಚೀಟಿ ಅಂಟಿಸಬಹುದು. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಊರಲ್ಲೇ ಗುರುತಿಸಿ ಚಿಕಿತ್ಸೆ ಕೊಡುತ್ತಾ ನಿಮ್ಹಾನ್ಸ್‌ನವರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದವರ ನೆನಪಿನ ಶಕ್ತಿ ವಯಸ್ಸಾದಂತೆ ಹೇಗೆ ಬದಲಾಗುತ್ತದೆ ಎಂದು ಐಐಎಸ್ಸಿಯ ಮಿದುಳು ಸಂಶೋಧನಾ ಕೇಂದ್ರದವರು ದೀರ್ಘ ಅಧ್ಯಯನ ನಡೆಸುತ್ತಿದ್ದಾರೆ. ಹಳ್ಳಿಗೆ ಹೋಗುವುದು ಗೊತ್ತಿರುವವರು ನೀವು. ಅದೇ ಹಳ್ಳಿಯಲ್ಲಿ ಹಾಸಿಗೆ ಹಿಡಿದವರ ಪಕ್ಕ ಕೂತಿರುವವರನ್ನೂ ಹಾಗೇ ಹುಡುಕಿ.

ಆದರೆ ಒಂದು ಎಚ್ಚರಿಕೆ. ಆಶಾ ಅಕ್ಕ ಕೇಳಿದರೆ ನಮಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ. ನಾಳೆ ಬಿಪಿ ಮಾತ್ರೆಗೆ, ಇಂಜೆಕ್ಷನ್ನಿಗೆ ಅವರೇ ಬೇಕು. ಚಿಕಿತ್ಸೆ ಕೊಡುವ ಡಾಕ್ಟರೇ ಕೇಳಿದರಂತೂ ಮುಗಿದೇ ಹೋಯಿತು. ಬೇಡ ಅಂದರೆ ಮುಂದಿನ ಸಲ ಸರಿಯಾಗಿ ನೋಡುತ್ತಾರೋ ಇಲ್ಲವೋ ಎಂಬ ಭಯ ಇದ್ದೇ ಇರುತ್ತದೆ. ಅಧ್ಯಯನದ ವಿಷಯವನ್ನು ಅವರು ತಿಳಿಸಲಿ, ಅಷ್ಟು ಸಾಕು. ಒಪ್ಪಿಗೆ ಕೇಳುವವರು ಬೇರೆಯವರಾಗಿರಲಿ. ಕೇಳಿದ ದಿನವೇ ಸಹಿ ಬೇಡ. ಮನೆಯಲ್ಲಿ ಮಾತಾಡಿಕೊಂಡು ಎರಡು ದಿನ ಬಿಟ್ಟು ಹೇಳುತ್ತೇವೆ. ಆಶಾ ಕಾರ್ಯಕರ್ತೆಯರ ಆ ಕೆಲಸಕ್ಕೂ ದುಡ್ಡು ಕೊಡಿ. ಅವರ ಮೇಲೆ ಈಗಾಗಲೇ ಸಾಕಷ್ಟು ಕೆಲಸ ಬಿದ್ದಿದೆ.

ಫೋನಿನಲ್ಲಿ ಸಂಪರ್ಕಿಸುವವರಿಗೆ ಒಂದು ಮಾತು. ಗೊತ್ತಿಲ್ಲದ ನಂಬರಿನಿಂದ ಬಂದ ಕರೆಯನ್ನು ಈಗ ಯಾರೂ ನಂಬುವುದಿಲ್ಲ. ಮೋಸದ ಕರೆಗಳು ಅಷ್ಟಾಗಿವೆ. ಆಧಾರ್ ನಂಬರ್, ಬ್ಯಾಂಕ್ ಖಾತೆ ಕೇಳಿದರಂತೂ ಕಟ್ ಮಾಡುತ್ತೇವೆ. ಮೊದಲು ಆಸ್ಪತ್ರೆಯ ಹೆಸರಿನಲ್ಲಿ ವಾಟ್ಸಾಪ್ ಧ್ವನಿ ಸಂದೇಶ ಕಳಿಸಿ. ನಾವೇ ಆಸ್ಪತ್ರೆಗೆ ಫೋನ್ ಮಾಡಿ ಹೌದಾ ಎಂದು ಕೇಳಿಕೊಳ್ಳಲು ಒಂದು ನಂಬರ್ ಕೊಡಿ. ಒಪ್ಪಿಗೆ ಪತ್ರವನ್ನೂ ಹಾಗೆ ಮಾತಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಪಾತ್ರೆ ತೊಳೆಯುತ್ತಾ ಕೇಳಿಸಿಕೊಳ್ಳಬಹುದು. ಕಲಬುರಗಿಯವರಿಗೆ ಕಲಬುರಗಿಯ ಕನ್ನಡದಲ್ಲಿ ಇರಲಿ. ಮಂಗಳೂರು ಕಡೆ ತುಳು, ಬ್ಯಾರಿ, ಕೊಂಕಣಿ ಬೇಕಾಗುತ್ತದೆ. ತಾಂಡಾಗಳಲ್ಲಿ ಲಂಬಾಣಿ, ಎಷ್ಟೋ ಮನೆಗಳಲ್ಲಿ ಉರ್ದು.

ನಮ್ಮ ಅತ್ತೆಗೂ ಹೇಳಿ. ಅವರಿಗೆ ಅರ್ಥವಾಗುತ್ತದೋ ಇಲ್ಲವೋ, ಅವರ ವಿಷಯ ಮಾತಾಡುತ್ತಿದ್ದೇವೆ ಎಂದು ಅವರ ಮುಖ ನೋಡಿ ಹೇಳಿ. ಕೆಲವು ದಿನ ಅವರಿಗೆ ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ ಗೊತ್ತಾಗುತ್ತದೆ.

ಇನ್ನೊಂದು ವಿಷಯವನ್ನು ತುಂಬಾ ಗಂಭೀರವಾಗಿ ಹೇಳಬೇಕಾಗಿದೆ. ನಿಮ್ಮ ಪ್ರಶ್ನೆಗಳು ನಮ್ಮೊಳಗೆ ಮುಚ್ಚಿಟ್ಟದ್ದನ್ನು ತೆಗೆಯುತ್ತವೆ. ಯಾರೂ ಕೇಳದ್ದನ್ನು ನೀವು ಕೇಳುತ್ತೀರಿ. ಒಬ್ಬಾಕೆ ಅಳುತ್ತಾ "ಇಬ್ಬರೂ ಒಟ್ಟಿಗೆ ಹೋಗಿಬಿಟ್ಟರೆ ಸಾಕು ಅನ್ನಿಸುತ್ತೆ" ಎಂದು ಹೇಳಿದರೆ ನಿಮ್ಮ ವಿದ್ಯಾರ್ಥಿ ಏನು ಮಾಡಬೇಕು? 3 ಎಂದು ಅಂಕ ಹಾಕಿ ಮುಂದಿನ ಪ್ರಶ್ನೆಗೆ ಹೋಗಬೇಕಾ? ಆವತ್ತೇ ಅವಳ ಜೊತೆ ಮಾತಾಡಲು ಯಾರಿದ್ದಾರೆ ಎಂದು ಅಧ್ಯಯನ ಶುರುವಾಗುವ ಮೊದಲೇ ಗೊತ್ತಿರಬೇಕು. ಟೆಲಿ ಮಾನಸ್‌ನ 14416 ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರ್ ಒಳ್ಳೆಯದೇ, ಅದನ್ನು ಎಲ್ಲರಿಗೂ ಕೊಡಿ. ಆದರೆ ನಂಬರ್ ಬರೆದ ಚೀಟಿ ಕೊಟ್ಟು ಎದ್ದು ಹೋಗಬೇಡಿ. ನೀವೇ ಡಯಲ್ ಮಾಡಿ ಕೊಡಿ, ಪಕ್ಕದಲ್ಲಿ ಕೂತಿರಿ. ಮಾರನೆಯ ದಿನ ಮತ್ತೆ ವಿಚಾರಿಸಿ.

ಕೊನೆಗೆ ಏನು ಗೊತ್ತಾಯಿತು ಎಂದು ನಮಗೂ ತಿಳಿಸಿ. ನಾನು ಸೇರಿದ ಅಧ್ಯಯನಗಳ ಫಲಿತಾಂಶ ನನಗೆ ಯಾರೂ ಹೇಳಿಲ್ಲ. ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ 2007ರಿಂದ ಆನ್‌ಲೈನ್‌ನಲ್ಲಿ ಎಲ್ಲರಿಗೂ ತೆರೆದಿದೆ ಎಂದು ಆಮೇಲೆ ಗೊತ್ತಾಯಿತು. ಆದರೆ ಅದು ಇಂಗ್ಲಿಷಿನಲ್ಲಿ, ಡಾಕ್ಟರುಗಳ ಭಾಷೆಯಲ್ಲಿದೆ. ಕನ್ನಡದಲ್ಲಿ ಒಂದೇ ಒಂದು ಪುಟ ಸಾಕು. ಎಷ್ಟು ಜನರನ್ನು ಕೇಳಿದಿರಿ, ಏನು ಗೊತ್ತಾಯಿತು, ಯಾವುದು ಕೆಲಸ ಮಾಡಲಿಲ್ಲ, ಮನೆಯಲ್ಲಿ ನಾವು ನಾಳೆಯಿಂದ ಏನು ಬದಲಿಸಿಕೊಳ್ಳಬಹುದು. ಆ ಪುಟ ಕೈಗೆ ಬಂದ ಮನೆಯವರು ಮುಂದಿನ ಸಲ ನೀವು ಕೇಳುವ ಮೊದಲೇ ಹೂಂ ಅನ್ನುತ್ತಾರೆ. ಪಕ್ಕದ ಬೀದಿಯವರಿಗೂ ಹೇಳುತ್ತಾರೆ.

ನೈತಿಕ ಸಮಿತಿಯ ಹಿರಿಯರೇ, ಐಸಿಎಂಆರ್ ಮಾರ್ಗಸೂಚಿಯಂತೆ ನಿಮ್ಮ ಸಮಿತಿಯಲ್ಲಿ ವೈದ್ಯರಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ಸದಸ್ಯರಲ್ಲಿ ಅರ್ಧದಷ್ಟಾದರೂ ಜನ ಸಂಸ್ಥೆಯ ಹೊರಗಿನವರಿರಬೇಕು. ಆ ಸಾಮಾನ್ಯ ವ್ಯಕ್ತಿಯ ಜಾಗಕ್ಕೆ ಮನೆಯಲ್ಲಿ ರೋಗಿಯನ್ನು ನೋಡಿಕೊಂಡ ಒಬ್ಬರನ್ನು ಕರೆಯಿರಿ. ಈಗ ನೋಡಿಕೊಳ್ಳುತ್ತಿರುವವರು ಸಭೆಗೆ ಬರುವುದು ಕಷ್ಟ ಎಂದಾದರೆ, ಆ ದಿನಗಳನ್ನು ಕಳೆದವರು ಬರಬಹುದು. ಇಲ್ಲವೇ ವಿಡಿಯೊ ಕರೆಯಲ್ಲಿ ಸೇರಿಸಿಕೊಳ್ಳಿ. ಹಾಗೆಯೇ, ನೋಡಿಕೊಳ್ಳುವವರನ್ನು ಸೇರಿಸಿಕೊಳ್ಳುವ ಅರ್ಜಿ ನಿಮ್ಮ ಮುಂದೆ ಬಂದಾಗ ಸಂಶೋಧಕರನ್ನು ಎರಡು ಪ್ರಶ್ನೆ ಕೇಳಿ. ಇವರನ್ನು ನೀವು ಮಾತಾಡಿಸುವಾಗ ರೋಗಿಯ ಹತ್ತಿರ ಯಾರಿರುತ್ತಾರೆ? ಅದರ ಖರ್ಚು ಬಜೆಟ್‌ನಲ್ಲಿ ಎಲ್ಲಿದೆ? ಎರಡಕ್ಕೂ ಉತ್ತರ ಇಲ್ಲದಿದ್ದರೆ ಅರ್ಜಿಯನ್ನು ತಿದ್ದಿ ತರಲು ವಾಪಸ್ ಕಳಿಸಿ. ಸಂಶೋಧನೆಗೆ ಹಣ ಕೊಡುವ ಸಂಸ್ಥೆಗಳಿಗೂ ಇದನ್ನು ಬರೆದು ತಿಳಿಸಿ. ಅವರು ಆ ಖರ್ಚಿಗೆ ಒಂದು ಸಾಲು ಬಿಟ್ಟರೆ ತಾನೇ ಸಂಶೋಧಕರು ಅದನ್ನು ತುಂಬಲು ಆಗುವುದು.

ನಿಮ್ಮಲ್ಲಿ ಯಾರಾದರೂ ಒಪ್ಪಿಗೆ ಪತ್ರವನ್ನೋ ಪ್ರಶ್ನಾವಳಿಯನ್ನೋ ಕನ್ನಡದಲ್ಲಿ ಬರೆಯುತ್ತಿದ್ದರೆ, ಅಚ್ಚಿಗೆ ಹೋಗುವ ಮೊದಲು ನಮ್ಮಂಥವರಿಗೆ ಓದಲು ಕೊಡಿ. ನಾನಂತೂ ಸಿದ್ಧಳಿದ್ದೇನೆ. ಮಧ್ಯಾಹ್ನ ಎರಡರ ಮೇಲೆ ಕಳಿಸಿದರೆ ಆವತ್ತೇ ಓದಿ ಹೇಳುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಅತ್ತೆಯನ್ನು ನೋಡಿಕೊಳ್ಳುತ್ತಿರುವ ಒಬ್ಬ ಸೊಸೆ
ತುಮಕೂರು ಜಿಲ್ಲೆ